ಅಕ್ಕೋಳದ ಬಾವಿಯಲ್ಲಿ ಮಗಳು ಕಲ್ಲು ಕೊರೆದ ದಿನ

ಮಗಳು ಭೂವಿಜ್ಞಾನ ಓದುತ್ತೇನೆಂದಾಗ ಹಿಗ್ಗಿದವಳೇ ನಾನು. ಓದಲಿಕ್ಕೆ ನಮ್ಮದೇ ಬಾವಿಗೆ ಇಳಿಯುತ್ತಾಳೆಂದು ಯಾರಿಗೆ ಗೊತ್ತಿತ್ತು? ಅಕ್ಕೋಳದ ನಮ್ಮ ಕಬ್ಬಿನ ಹೊಲದ ಬತ್ತಿದ ಹಳೆ ಬಾವಿ ಇಕ್ಕಟ್ಟು, ಆಳ, ಗೋಡೆಯೆಲ್ಲ ಕರಿಕಲ್ಲು. ಒಂದು ಕಾಲಕ್ಕೆ ಅದು ಕುದಿಯುವ ರಸವಾಗಿ ಹರಿದಿತ್ತಂತೆ. ತಣಿದು ಗಟ್ಟಿಯಾಗುವಾಗ ಭೂಮಿಯ ಕಾಂತಶಕ್ತಿ ಎತ್ತ ಎಳೆಯುತ್ತಿತ್ತೋ ಆ ದಿಕ್ಕನ್ನು ಒಳಗಿನ ಕಬ್ಬಿಣದ ಕಣಗಳು ಹಿಡಿದಿಟ್ಟುಕೊಂಡವಂತೆ. ತಳದ ಪದರಿನಿಂದ ಬೆರಳುದ್ದದ ತುಂಡು ಕೊರೆದು, ಅದರ ಮೇಲೆ ದಿಕ್ಕಿನ ಗೆರೆ ಎಳೆದು ತರಬೇಕು, ಅಷ್ಟೇ ಎಂದಳು. ಅಷ್ಟೇ ಅಂತೆ!

ನಮ್ಮಲ್ಲಿ ಹಳೆಯ ಬಾವಿಗೆ ಇಳಿಯುವ ಮೊದಲು ಕಂದೀಲು ಹಚ್ಚಿ ಇಳಿಬಿಡುತ್ತಾರೆ. ನಂದಿದರೆ ಒಳಗೆ ಕೆಟ್ಟ ಗಾಳಿ. ಉರಿದರೆ ಮನುಷ್ಯರು ಇಳಿಯಬಹುದು. ಮೈದುನ ಇಳಿಬಿಟ್ಟ. ದೀಪ ಚಂದಾಗಿ ಉರಿಯಿತು, ನನಗೂ ಜೀವ ಬಂತು. ಅವಳ ಸೊಂಟಕ್ಕೆ ಹಗ್ಗ ಬಿಗಿದು ಇಳಿಸಿ, ಕೊರೆಯುವ ಪೆಟ್ರೋಲ್ ಯಂತ್ರವನ್ನೂ ಕೈಯಾರೆ ಇಳಿಸಿಕೊಟ್ಟೆವು. ಆ ಯಂತ್ರದ ಹೊಗೆಯೇ ವಿಷ, ಅದನ್ನು ಕಂದೀಲು ಮೊದಲೇ ಹೇಳಲಾರದು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಬಯಲಲ್ಲಿ ಕೊರೆದೇ ರೂಢಿಯಾದ ಅವಳಿಗೂ ಹೊಳೆಯಲಿಲ್ಲ.

ಯಂತ್ರದ ಸದ್ದು ನಿಂತಿತು. ಕೂಗಿದೆ. ನಿದ್ದೆಗಣ್ಣಿನವರ ಹಾಗೆ 'ಹ್ಞೂಂ' ಅಂದಳು. ಮತ್ತೆ ಕೂಗಿದೆ, ಉಸಿರಿಲ್ಲ. ಮೈದುನ ಇಳಿಯಲು ಹೊರಟ. ಅವನ ಅಂಗಿ ಹಿಡಿದೆಳೆದೆ.

"ನೀ ಇಳೀಬ್ಯಾಡೋ. ಹಗ್ಗ ಜಗ್ಗು."

ಪಕ್ಕದ ಹೊಲದವರೂ ಓಡಿ ಬಂದು ಕೈಹಚ್ಚಿದರು. ಹೆಣಭಾರವಾಗಿದ್ದಳು. ಆ ಮಾತು ಮನಸ್ಸಿಗೆ ಬಂದದ್ದಕ್ಕೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ಕಬ್ಬಿನ ಒಣಗರಿಯ ರವದಿಯ ಮೇಲೆ ಗಾಳಿಗೆ ಮಲಗಿಸಿದೆವು. ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ನಿಪ್ಪಾಣಿಯ ಆಸ್ಪತ್ರೆಗೆ ಒಯ್ಯಲು ಮೈದುನ ಗಾಡಿ ತರಲು ಓಡಿದ. ಇಂಥ ಹೊಗೆ ಕುಡಿದವರ ಬುದ್ಧಿ ಕೆಡುತ್ತದೆ ಎಂದು ನೆರೆದವರಲ್ಲಿ ಯಾರೋ ಅಂದರು. ಹಾಳು ಬಾಯಿ! ಆದರೂ ಆ ಮಾತು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಏನು ಕೇಳಿ ಪರೀಕ್ಷಿಸಬೇಕೋ ತೋಚದೆ, ಅವಳ ವಿದ್ಯೆಯದ್ದೇ ಕೇಳಿದೆ.

"ಉತ್ತರ ದಿಕ್ಕ ಯಾವ ಕಡೆ ಐತಿ, ತೋರಸ್ ನೋಡೂಣು."

ಕೈ ಎತ್ತಿ ದಕ್ಷಿಣಕ್ಕೆ ತೋರಿಸಿದಳು. ಮುಗಿಯಿತು, ಮಗಳು ಸಿಕ್ಕೂ ಸಿಗಲಿಲ್ಲ ಎಂದು ಎದೆ ಒಡೆದುಹೋಯಿತು.

"ಈ ಕರಿಕಲ್ಲ ತಣಿಯೂಮುಂದ," ಎಂದು ತೊದಲಿದಳು, "ಭೂಮಿ ಕಾಂತಶಕ್ತಿ ಉಲ್ಟಾ ಇತ್ತು. ದಿಕ್ಕಿನ ಸೂಜಿ ಇದ್ದಿದ್ರ ಇತ್ತಾಗ ತೋರಸ್ತಿತ್ತವ್ವಾ. ಈಗ ಅತ್ತಾಗ."

ಕೈ ನಿಧಾನವಾಗಿ ಉತ್ತರಕ್ಕೆ ತಿರುಗಿತು. ಅಷ್ಟು ಜನರ ಎದುರೇ ಅವಳ ತೋಳಿಗೆ ಒಂದು ಏಟು ಹಾಕಿದೆ. ಆಮೇಲೆ ತಬ್ಬಿಕೊಂಡು ಗೊಳೋ ಎಂದು ಅತ್ತೆ.