ಬಸವ ಜಯಂತಿಯ ದಿನ ಹಿಡಿದ ರೋಜಾ

ಹೋದ ವರ್ಷ ಬಸವ ಜಯಂತಿಯ ದಿನ ನಾನು ಹೋಳಿಗೆ ಮುಟ್ಟಲಿಲ್ಲ. ಹೊತ್ತು ಮುಳುಗುವವರೆಗೆ ಹನಿ ನೀರೂ ಕುಡಿಯಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮುದುಕ ಹಬ್ಬದ ದಿನವೇ ರೋಜಾ ಹಿಡಿದನೆಂದು ನಮ್ಮೂರು ನ್ಯಾಮತಿಯಲ್ಲಿ ಆಡಿಕೊಂಡರು. ಹಿಡಿದದ್ದು ನಿಜ. ಯಾಕೆ ಹಿಡಿದೆ ಎಂಬುದನ್ನು ಮಾತ್ರ ತಮಗೆ ಬೇಕಾದ ಹಾಗೆ ಕಟ್ಟಿಕೊಂಡಿದ್ದಾರೆ. ನಡೆದದ್ದು ಹೀಗೆ.

ನನ್ನ ಹೆಂಡತಿಗೆ ಹೊನ್ನಾಳಿಯ ಆಸ್ಪತ್ರೆಯಲ್ಲಿ ಆಪರೇಷನ್ ಆದಾಗ ಒಂದು ವಾರ ಜೊತೆಗಿದ್ದವಳು ಪಕ್ಕದ ಮನೆಯ ಹೆಂಗಸು. ಬಟ್ಟೆ ಹೊಲಿದು ಬದುಕುವ ಮುಸಲ್ಮಾನರ ವಿಧವೆ. ಅದು ರಂಜಾನ್ ತಿಂಗಳು. ಆಕೆ ರೋಜಾ ಇದ್ದುಕೊಂಡೇ ಇವಳಿಗೆ ಗಂಜಿ ಕುಡಿಸಿದಳು. ಅದೇ ವಾರ್ಡಿನ ಕ್ರೈಸ್ತರ ನರ್ಸಮ್ಮ ಕೂಡ ಈಸ್ಟರ್ ಬರುವವರೆಗೆ ಮೀನು ಮಾಂಸ ಬಿಟ್ಟಿದ್ದಳು. ಸೋಮವಾರದ ಒಪ್ಪತ್ತಿನವಳಾದ ನನ್ನ ಹೆಂಡತಿ ಇಬ್ಬರ ಜೊತೆಗೂ ಯಾರ ಉಪವಾಸ ಕಷ್ಟ ಎಂದು ವಾದ ಹಾಕುತ್ತಿದ್ದಳು. ವಾಸಿಯಾಗಿ ಮನೆಗೆ ಬಂದ ಮೇಲೆ, ರಂಜಾನಿನ ಕೊನೆಯ ಶುಕ್ರವಾರ ತಾನೂ ರೋಜಾ ಹಿಡಿಯುತ್ತೇನೆ ಎಂದಳು. ನಾನು ರೇಗಿದೆ.

"ನನಗೋಸ್ಕರ ಆಕೆ ವಾರಗಟ್ಲೆ ಹಸಕಂಡು ಕುಂತಿದ್ಲು. ವರ್ಷಕ್ಕೊಂದಿನ ನಾನು ಆಕೆ ಜೊತೆ ಹಸಕಂಡಿದ್ರೆ ನಿಮ್ಮ ಗಂಟೇನು ಹೋಗತೈತ್ರಿ?"

ಮೂರು ವರ್ಷ ಹಿಡಿದಳು. ಮೂರು ವರ್ಷವೂ ನಾನು ಆ ದಿನ ಬೇಕೆಂದೇ ಮೆಣಸಿನಕಾಯಿ ಬಜ್ಜಿ ತಂದು ಅವಳೆದುರು ಕೂತು ತಿಂದೆ. ಸಾಲದ್ದಕ್ಕೆ ಅಡುಗೆಮನೆಗೆ ಹೋಗಿ, "ಸಾರಿಗೆ ಉಪ್ಪು ಸಾಕೇನು, ನಾಲಿಗೆ ಮ್ಯಾಲೆ ಹಾಕ್ಕಂಡು ನೋಡೇ" ಎನ್ನುತ್ತಿದ್ದೆ.

"ನಾಲಿಗೆ ದೇವ್ರು ನಿಮಗೂ ಕೊಟ್ಟಾನಲ್ಲ, ನೀವೇ ನೋಡ್ರಿ" ಎನ್ನುತ್ತಿದ್ದಳು. ಮನೆಯವರೆಲ್ಲ ಉಂಡೆದ್ದ ಮೇಲೆ ಎಲೆ ಎತ್ತುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಬಂದ ಮೊದಲ ರಂಜಾನಿನಲ್ಲಿ ಆ ಶುಕ್ರವಾರವನ್ನು ನಾನು ಹಿಡಿಯುತ್ತೇನೆಂದು ಪಕ್ಕದ ಮನೆಯಾಕೆಗೆ ಹೇಳಿದೆ. ಮಗನಿಗೆ ಹೇಳಲಿಲ್ಲ. ಆ ದಿನವೇ ಜಗಳೂರಿನ ಅಕ್ಕನಿಗೆ ಹುಷಾರಿಲ್ಲವೆಂದು ಫೋನ್ ಬಂತು. ಹೋದೆ. ಕಾಯಿಲೆಯವಳೇ ಎದ್ದು ರೊಟ್ಟಿ ತಟ್ಟಲು ಕೂತಳು. ಹೊಟ್ಟೆ ಸರಿ ಇಲ್ಲ ಎಂದೆ. "ಹೊಟ್ಟೆ ಅಲ್ಲ ಕಣೋ, ನಿನಗೆ ಕೊಬ್ಬು" ಎಂದು ಬೈದಳು. ಅದನ್ನೂ ತಡೆದುಕೊಂಡೆ. ಆದರೆ ಜಗಳೂರಿನ ಬಸ್ ಸ್ಟ್ಯಾಂಡಿನ ಬಿಸಿಲು ತಡೆಯಲಾಗಲಿಲ್ಲ. ಗಾಡಿಯವನು ನಿಂಬೆ ಸೋಡಾ ಒಡೆದ ಸದ್ದಿಗೆ ಕಾಲು ತಾನಾಗಿ ಅತ್ತ ಹೋಯಿತು. ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಎಡಕ್ಕೂ ಬಲಕ್ಕೂ ನೋಡಿದೆ. ಕುಡಿದೆ. ಇನ್ನೊಂದು ಹಾಕಿಸಿಕೊಂಡು ಕುಡಿದೆ. ಮರೆತು ಕುಡಿದೆ ಎನ್ನಬಹುದಿತ್ತು. ಮರೆತವನು ಆಚೀಚೆ ನೋಡುವುದಿಲ್ಲ.

ಸಂಜೆ ಊರಿಗೆ ಬಂದಾಗ ಪಕ್ಕದ ಮನೆಯಾಕೆ ಖರ್ಜೂರದ ತಟ್ಟೆ ಮುಂದಿಟ್ಟು, ನನ್ನ ಹೆಂಡತಿಯನ್ನು ನೆನೆದು, "ಅಕ್ಕ ಇದ್ದಿದ್ರೆ ಎಷ್ಟು ಹಿಗ್ಗುತಿದ್ಲೋ" ಎಂದಳು. ನಾನು ದೊಡ್ಡ ಮನುಷ್ಯನಂತೆ ತಲೆಯಾಡಿಸಿ ತಿಂದೆ. ಇದಕ್ಕಿಂತ ಕೀಳಾದ ಸುಳ್ಳನ್ನು ನಾನು ಆಡಿಲ್ಲ, ಅದನ್ನೂ ಮಾತಿಲ್ಲದೆಯೇ ಆಡಿದೆ.

ಯುಗಾದಿಯ ಮಾರನೇ ದಿನವೇ ರಂಜಾನ್ ಹಬ್ಬ ಬಂದಿತ್ತು. ಬೆಳಿಗ್ಗೆ ಆಕೆ ಸುರಕುಂಬಾದ, ಅಂದರೆ ಅವರ ಹಬ್ಬದ ಶ್ಯಾವಿಗೆ ಪಾಯಸದ, ಡಬ್ಬಿ ಹಿಡಿದು ಕಾಂಪೌಂಡಿನ ಹತ್ತಿರ ಬಂದಳು. ಡಬ್ಬಿಗೆ ಕೈ ಒಡ್ಡಲಾಗಲಿಲ್ಲ.

"ತಂಗೀ, ಆವತ್ತು ಜಗಳೂರಾಗೆ ನಾನು ಸೋಡಾ ಕುಡಿದೆ."

"ಮರ್ತು ಕುಡಿದ್ರೆ ಏನಾಗಲ್ಲ ಬಿಡ್ರಣ್ಣ."

"ಎರಡು ಕುಡಿದೆ."

ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಎರಡ್ನೇದೂ ಮರ್ತೇ ಕುಡಿದ್ರಾ?"

"ಈಗೇನ್ ಮಾಡಬೇಕು ಹೇಳು."

"ನೀವೇನೂ ಮಾಡಬೇಕಿಲ್ಲ. ನಾವಾದ್ರೆ ಬಿಟ್ಟಿದ್ದನ್ನ ಹಬ್ಬ ಆದಮ್ಯಾಲೆ ಯಾವತ್ತಾದ್ರೂ ಒಂದಿನ ಹಿಡ್ಕಂತೀವಿ."

"ಹಂಗಾರೆ ಬಸವ ಜಯಂತಿ ದಿನ ಹಿಡೀತೀನಿ."

ಆಕೆಯ ನಗು ನಿಂತಿತು. "ಬ್ಯಾಡ್ರಣ್ಣ. ಹಬ್ಬದ ದಿನ ನೀವು ಉಣ್ಣಲಿಲ್ಲ ಅಂದ್ರೆ ಮಾತು ನನ್ನ ಮ್ಯಾಲೆ ಬರತೈತೆ."

ಆಕೆ ಹೇಳಿದ್ದು ಸರಿ. ಆದರೂ ನಾನು ಬಿಡಲಿಲ್ಲ. ತುಂಬಿದ ಮನೆಗೆ ಬಡಿಸುತ್ತಾ ನನ್ನ ಹೆಂಡತಿ ಹಸಿದಿದ್ದಳು. ಯಾರೂ ಇಲ್ಲದ ದಿನ ಮೂಲೆಯಲ್ಲಿ ಕೂತು ತೀರಿಸಿದರೆ ಅದು ಅವಳ ಉಪವಾಸವಾಗುತ್ತಿರಲಿಲ್ಲ.

ಬಸವ ಜಯಂತಿಗೆ ಚನ್ನಗಿರಿಯಿಂದ ಬೀಗರು ಬಂದಿದ್ದರು. ಬೆಳಿಗ್ಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಪೂಜೆ ಮುಗಿಸಿ ಜಗುಲಿಯ ಮೇಲೆ ಕೂತೆ. ಎಲೆ ಹಾಕಿದಾಗ ಉಣ್ಣುವುದಿಲ್ಲ ಎಂದೆ, ಯಾಕೆಂದೂ ಹೇಳಿದೆ. ಮಗ ಬೀಗರ ಮುಖ ನೋಡಿದ. "ಅಪ್ಪಾಜಿ, ನಿಮಗೆ ಇವತ್ತೇ ಆಗಬೇಕಿತ್ತಾ?" ಎಂದ.

ಮಧ್ಯಾಹ್ನ ಬಸವಣ್ಣನವರ ಫೋಟೋದ ಮೆರವಣಿಗೆ ನಮ್ಮ ಓಣಿಗೆ ಬಂತು. ನಮ್ಮ ಸಮಾಜದ ಹಿರಿಯರೊಬ್ಬರು ಪಾನಕದ ಲೋಟ ಚಾಚಿದರು. ಹೊತ್ತು ಮುಳುಗಿದ ಮೇಲೆ ತಗೊಳ್ಳುತ್ತೇನೆ, ಇಟ್ಟು ಹೋಗಿ ಎಂದೆ. ವಿಷಯ ಅವರಿಗಾಗಲೇ ಮುಟ್ಟಿತ್ತು.

"ಪಕ್ಕದ ಮನೆಯಾಕೆ ಚೆನ್ನಾಗಿ ತಲೆ ತಿರುಗಿಸ್ಯಾಳೆ ಬಿಡ್ರಿ ನಿಮಗೆ" ಎಂದರು, ಗೋಡೆಯಾಚೆಗೂ ಕೇಳುವ ಹಾಗೆ.

ಎದ್ದು ನಿಂತೆ. ಗಂಟಲು ಒಣಗಿತ್ತು, ಆದರೂ ದನಿ ಬಂತು. "ಆಕೆ ಬ್ಯಾಡ ಅಂದ್ಲು. ಹಟ ನಂದು. ನನ್ನ ಹೆಂಡ್ತಿ ಉಪವಾಸ ಇದ್ದಾಗ ಆಕೆ ಮುಂದೆ ಬಜ್ಜಿ ತಿಂದೋನು ನಾನು. ಉಪ್ಪು ನೋಡು ಅಂತ ಗೋಳು ಹೊಯ್ಕಂಡೋನು ನಾನು. ರೋಜಾ ಅಂತ ಹೇಳಿ ಕದ್ದು ಸೋಡಾ ಕುಡಿದೋನೂ ನಾನೇ. ಬೈಯಾಕೆ ಬಂದಿದ್ರೆ ನನ್ನ ಬೈರಿ. ಗೋಡೆ ಆಚೆ ಬೈಬ್ಯಾಡ್ರಿ."

"ಅದಕ್ಕೆ ನಮ್ಮ ಹಬ್ಬಾನೇ ಬೇಕಿತ್ತೇನ್ರಿ?"

"ನನ್ನ ಹಬ್ಬಾನೂ ಹೌದು. ಎತ್ತಿನ ಸಗಣಿ ಬಳಿದು ಬಂದು ಕುಂತೀನಿ. ನೀವು ಬೆಳಿಗ್ಗಿಂದ ಏನು ತೊಳೆದ್ರಿ?"

ಹುಡುಗರು ಕಿಸಕ್ಕನೆ ನಕ್ಕರು. ಹಿರಿಯರು ಲೋಟ ವಾಪಸು ತೆಗೆದುಕೊಂಡು ಮುಂದೆ ಹೋದರು.

ಬೀಗರು ಊರಿಗೆ ಹೊರಟ ಮೇಲೆ ಮಗ ಬಾಗಿಲಿಗೆ ಬಂದ. "ಒಳಗಾದ್ರೂ ಬನ್ನಿ ಅಪ್ಪಾಜಿ. ಓಣಿಯೋರೆಲ್ಲ ನೋಡ್ತಾರೆ."

"ನೋಡ್ಲಿ ಅಂತಾನೇ ಕುಂತೀನಿ."

ಇದರಿಂದ ನನ್ನ ಹೆಂಡತಿಗೆ ಏನೂ ಸಿಕ್ಕಲಿಲ್ಲ, ಗೊತ್ತು. ಅವಳೆದುರು ತಿಂದದ್ದು ತಿಂದದ್ದೇ, ಅದಕ್ಕೆ ಮಾಫಿ ಇಲ್ಲ. ಆದರೆ ಅವಳ ಶುಕ್ರವಾರ ಅವಳೊಂದಿಗೇ ಮಣ್ಣಿಗೆ ಹೋಯಿತು ಎಂದುಕೊಂಡವರಿಗೆ ಹೇಳುತ್ತೇನೆ, ನಾನಿನ್ನೂ ಬದುಕಿದ್ದೇನೆ.

ಹೊತ್ತು ಮುಳುಗಿ ಮಸೀದಿಯ ಕೂಗು ಕೇಳಿದಾಗ ಸೊಸೆ ನೀರಿನ ತಂಬಿಗೆ, ತುಪ್ಪ ಹಾಕಿದ ಹೋಳಿಗೆ ತಂದು ಜಗುಲಿಯ ಮೇಲಿಟ್ಟಳು. ಗಂಡನಿಗೆ ಕೇಳಲೆಂದೇ ಏನೋ, ತುಸು ಜೋರಾಗಿಯೇ ಅಂದಳು: "ಉಣ್ಣಿ ಮಾವ. ಇನ್ನೂ ಅದಾವೆ."

ಬೀದಿಯ ಕಡೆ ಮುಖ ಮಾಡಿ ಕೂತೇ ಉಂಡೆ.