ಕರಿಯಪ್ಪನ ಒಂದೇ ಇಂಗ್ಲಿಷು

ನಮ್ಮ ಅರಳಗುಪ್ಪೆಯ ಕರಿಯಪ್ಪನಿಗೆ ಬರುವುದು ಒಂದೇ ಒಂದು ಇಂಗ್ಲಿಷ್ ಪದ. ಅದೊಂದರಲ್ಲೇ ಐವತ್ತು ವರ್ಷ ದಾಟಿದ್ದಾನೆ, ಮಹಾನುಭಾವ. ಚಿಕ್ಕವನಿದ್ದಾಗ ಲೈನ್‌ಮನ್‌ಗೆ ಏಣಿ ಹಿಡಿದಿದ್ದನಂತೆ. ಆತ ಮೇಲಿಂದ "ಸ್ಟಡಿ, ಸ್ಟಡಿ" ಎಂದು ಕೂಗಿದ. ಅಲ್ಲಾಡದೆ ನಿಲ್ಲುವುದಕ್ಕೆ ಹಾಗನ್ನುತ್ತಾರೆ ಎಂದು ಇವನು ತಿಳಿದುಕೊಂಡ. ಮುಂದೆ ತೆಂಗಿನಮರ ಹತ್ತಿ ಕಾಯಿ ಕೆಡವುವ ಕೆಲಸಕ್ಕೆ ಬಿದ್ದ ಮೇಲಂತೂ ಬುಡ ಗಟ್ಟಿಯಿರುವ ಮರ ಸ್ಟಡಿ, ಇಳಿಯದ ಕೊಬ್ಬರಿ ರೇಟು ಸ್ಟಡಿ, ಒದೆಯದ ಹಸು ಸ್ಟಡಿ, ಹೇಳಿದ ದಿನಕ್ಕೇ ಅಂಗಿ ಹೊಲಿದುಕೊಡುವ ಟೈಲರ್ ಪೀರ್ ಸಾಬ್ ಕೂಡ ಸ್ಟಡಿ. ಅವನು ಹಾಗಂದರೆ ಊರು ಎರಡನೇ ಮಾತು ಕೇಳುತ್ತಿರಲಿಲ್ಲ.

ಅವನಕ್ಕ ಹೊಂಬಾಳಮ್ಮನಿಗೆ ಗಂಡನಿಲ್ಲ. ಮಗಳು ಸುನಂದಾಗೆ ಹಾಲ್ಕುರಿಕೆಯಿಂದ ಸಂಬಂಧ ಬಂದಾಗ, ಹುಡುಗ ಮೋಹನ್ ಕುಮಾರನನ್ನು ನೋಡಿಕೊಂಡು ಬಾ ಎಂದು ತಮ್ಮನನ್ನೇ ಕಳಿಸಿದಳು. ಹುಡುಗ ಇವನನ್ನು ಬೈಕಿನಲ್ಲಿ ತಿಪಟೂರಿಗೆ ಕರೆದೊಯ್ದು, ಮಧ್ಯಾಹ್ನದ ಊಟ ಬಾರಿನಲ್ಲಿ ಮಾಡಿಸಿದ. ಒಬ್ಬನೇ ಮೂರು ಕ್ವಾರ್ಟರ್ ಇಳಿಸಿ, ಒಂದು ಹೆಜ್ಜೆಯೂ ತೂರಾಡದೆ ಎದ್ದು ಬೈಕ್ ಹತ್ತಿದ. ಕರಿಯಪ್ಪ ಮನಸೋತುಹೋದ. ಮನೆಗೆ ಬಂದು, "ಹುಡುಗ ಸ್ಟಡಿ ಕಣಕ್ಕ" ಅಂದ.

ಹುಡುಗನ ನಡತೆ ಗಟ್ಟಿ ಎಂದು ಅಕ್ಕ ತಿಳಿದಳು. ಬಾಗಿಲ ಹಿಂದಿದ್ದ ಸುನಂದಾಳ ಕಿವಿಗೆ ಬಿದ್ದದ್ದೇ ಬೇರೆ. ಬಿ.ಎ. ಮುಗಿಸಿ ಬಿ.ಎಡ್.ಗೆ ಕಳಿಸಿ ಎಂದು ವರ್ಷದಿಂದ ಅಂಗಲಾಚುತ್ತಿದ್ದ ಹುಡುಗಿ ಅದು. ಓದುತ್ತಿರುವ ಹುಡುಗ, ತನ್ನನ್ನೂ ಓದಿಸುತ್ತಾನೆ ಎಂದುಕೊಂಡು ಮರುಮಾತಿಲ್ಲದೆ ಒಪ್ಪಿಬಿಟ್ಟಳು.

ಹೂ ಮುಡಿಸುವ ದಿನ ಬೀಗರ ಕಡೆಯವರೆಲ್ಲ ಬಂದು ಕೂತಿದ್ದರು. ಏನು ಸ್ಟಡಿ ಮಾಡುತ್ತಿದ್ದೀರಿ ಎಂದು ಸುನಂದಾ ಹುಡುಗನನ್ನು ಕೇಳಿದಳು. ಅವನು ನಕ್ಕು, ಪಿಯುಸಿಗೇ ಪುಸ್ತಕ ಮುಚ್ಚಿದೆ, ಮನೆಗೆ ಬರುವವಳಿಗೂ ಅದೆಲ್ಲ ಯಾಕೆ ಅಂದ. ಅವಳು ಮಾವನ ಕಡೆ ತಿರುಗಿದಳು.

"ಮಾವ, ಸ್ಟಡಿ ಅಂದ್ಯಲ್ಲ?"

"ಹೂಂ ಕಣವ್ವ. ಮೂರು ಕ್ವಾರ್ಟರ್ ಹಾಕಿದ್ರೂ ಕಾಲು ಅಲ್ಲಾಡ್ಲಿಲ್ಲ, ನಾನೇ ನೋಡಿವ್ನಿ" ಅಂದ ಕರಿಯಪ್ಪ, ಹೆಮ್ಮೆಯಿಂದ.

ಸುನಂದಾ ಹೂವಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ಈ ಮದುವೆ ನನಗೆ ಬೇಡ ಅಂದಳು. ಹುಡುಗನ ದೊಡ್ಡಪ್ಪ ಸಿಟ್ಟಿನಿಂದ ಎದ್ದು, ಸ್ಟಡಿ ಅಂದವರು ನೀವೇ, ಈಗ ನಿಮ್ಮ ಮಾತಿಗೆ ನೀವು ನಿಂತುಕೊಳ್ಳಿ ಎಂದು ಕರಿಯಪ್ಪನನ್ನು ಹಿಡಿದುಕೊಂಡ. ಮೂವತ್ತು ವರ್ಷ ಮರದ ತುದಿಯಲ್ಲಿ ನಡುಗದ ಕರಿಯಪ್ಪ ಬಗ್ಗಿ ಆ ಹೂವಿನ ತಟ್ಟೆಯನ್ನು ಎತ್ತಿಕೊಂಡ. ಅವನಿಗಿದ್ದ ಆಸ್ತಿ ಆ ಒಂದು ಮಾತೇ.

"ನಂದೇ ತಪ್ಪು ಕಣ್ರೀ. ಹೂವ ವಾಪಸ್ ತಗೊಂಡೋಗಿ" ಅಂದ.



ಇಂಗ್ಲಿಷಿನಲ್ಲಿ ಅಲ್ಲಾಡದಿರುವುದಕ್ಕೊಂದು, ಓದಿಗೊಂದು ಎಂದು ಅವು ಎರಡು ಪದ, ನಮ್ಮ ಬಾಯಲ್ಲಿ ಮಾತ್ರ ಒಂದೇ ಎಂದು ಸುನಂದಾ ಆಮೇಲೆ ಬಿಡಿಸಿ ಹೇಳಿದಳು. ಈಗ ಅವಳು ತಿಪಟೂರಿಗೆ ಬಿ.ಎಡ್.ಗೆ ಹೋಗುತ್ತಾಳೆ. ಊರವರು ಕರಿಯಪ್ಪನ ಮಾತಿಗೆ ಈಗ ನಗುತ್ತಾರೆ. ಮೊನ್ನೆ ಬಸ್ ಸ್ಟಾಪಿನಲ್ಲಿ ನಮ್ಮೂರ ಗಂಗಾಧರ, ಅಕ್ಕನ ಮಗಳು ಏನು ಮಾಡ್ತವ್ಳೆ ಎಂದು ಕೆಣಕಿದ.

"ಸ್ಟಡಿ" ಅಂದ ಕರಿಯಪ್ಪ.

ಯಾವ ಸ್ಟಡಿ ಎಂದು ಗಂಗಾಧರ ಹಲ್ಲುಕಿರಿದ.

"ಎರಡೂ ಕಣ್ಲಾ."