ಸೂರೆ ಬಿಟ್ಟ ತೋಪು

ಯಾವುದೋ ನೃತ್ಯ ‘ಪ್ರೇಕ್ಷಕರ ಮನಸೂರೆಗೊಂಡಿತು’ ಎಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹಾಗೆ ಬರೆಯುವವರು ಸೂರೆಯನ್ನು ಕಣ್ಣಾರೆ ಕಂಡವರಲ್ಲ. ಸೂರೆ ಎಂದರೆ ದಂಡು ಬರಬೇಕು, ಕುದುರೆ ಬರಬೇಕು ಎಂದು ಶಾಲೆಯಲ್ಲಿ ಮೇಷ್ಟರು ಹೇಳಿಕೊಟ್ಟಿದ್ದರು. ಅದೂ ಸುಳ್ಳು. ನಾನು ನೋಡಿದ ಸೂರೆಗೆ ಬಂದವರು ನಮ್ಮ ಬೀದಿಯವರೇ, ಕುಕ್ಕೆ ಹಿಡಿದುಕೊಂಡು, ನಗುನಗುತ್ತಾ.

ಹಾರೋಹಳ್ಳಿ ಕಡೆಯ ನಮ್ಮೂರಲ್ಲಿ ಒಂದು ರೂಢಿಯಿತ್ತು. ತೋಪಿನ ಕೊಯ್ಲು ಮುಗಿದ ಮೇಲೆ ಯಜಮಾನ ‘ಸೂರೆ ಬುಟ್ಟೆ’ ಎಂದರೆ ಸಾಕು, ಮರದಲ್ಲಿ ಉಳಿದದ್ದನ್ನು ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ಬಡವರ ಮಕ್ಕಳೂ ಹಣ್ಣು ತಿನ್ನಲಿ ಎಂದು ಹಿರಿಯರು ಮಾಡಿದ್ದು. ಒಳ್ಳೆಯ ರೂಢಿಯೇ.

ನಮ್ಮ ದೊಡ್ಡಪ್ಪನ ಮಾವಿನ ತೋಪು ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ನಾಳೆ ಬುಲ್ಡೋಜರ್ ಬರುತ್ತದೆ ಎಂದಾಗ ಅವರು ಅರಳಿಕಟ್ಟೆಯ ಹತ್ತಿರ ನಿಂತು ಕೂಗಿದರು: “ಸೂರೆ ಬುಟ್ಟಿವ್ನಿ ಕಣ್ರಲಾ! ಕಂಪನಿಯೋರ್ಗೆ ಒಂದ್ ಕಡ್ಡೀನೂ ಸಿಗ್ಬಾರ್ದು!”

ಕಾಯಿ ಮುಗಿಯಿತು, ಕೊಂಬೆ ಮುಗಿಯಿತು. ಆಮೇಲೆ ಬೇಲಿಯ ಕಲ್ಲು, ಆಮೇಲೆ ಕಾವಲು ಗುಡಿಸಲು. ಆ ಗುಡಿಸಲಿನಲ್ಲಿ ತೋಪು ಕಾಯುವ ಒಬ್ಬ ವಿಧವೆ ಇದ್ದಳು. ಹಿಂದೆ ಮುಂದೆ ಯಾರೂ ಇಲ್ಲ. ಗಬ್ಬದ ಮೇಕೆಯೊಂದೇ ಆಸ್ತಿ. ಮರಿ ಹಾಕಿದರೆ ಅದರಿಂದಲೇ ಬದುಕು ಕಟ್ಟಿಕೊಳ್ಳುತ್ತೇನೆ ಎನ್ನುತ್ತಿದ್ದಳು. ಅಂದು ಬೆಳಿಗ್ಗೆ ಕಸ ಗುಡಿಸುವ ಕೆಲಸ ಕೇಳಲು, ಪಕ್ಕದಲ್ಲಿ ಆಗಲೇ ಎದ್ದಿದ್ದ ಫ್ಯಾಕ್ಟರಿಯ ಗೇಟಿಗೆ ಹೋಗಿದ್ದಳು. ಮಧ್ಯಾಹ್ನ ಬಂದರೆ ಗುಡಿಸಲೂ ಇಲ್ಲ, ಮೇಕೆಯೂ ಇಲ್ಲ.

ದೊಡ್ಡಪ್ಪನ ಜಗಲಿಯ ಮುಂದೆ ನಿಂತು ಎದೆ ಬಡಿದುಕೊಂಡಳು. “ಅಣ್ಣೋ, ತೋಪು ನಿಮ್ದು, ಬುಟ್ರಿ. ನನ್ ಮೇಕೇನ ನಾನ್ ಬುಟ್ಟಿದ್ನಾ?”

“ಬೇಲಿ ಒಳ್ಗೆ ಇದ್ದುದ್ದೆಲ್ಲಾ ಸೂರೇನೇ ಕಣವ್ವಾ. ಊರೇ ಕೈ ಹಾಕುದ್ಮೇಲೆ ಯಾರ್ನ ಕೇಳಾನ?” ಎಂದು ಅವರು ಎಲೆಗೆ ಸುಣ್ಣ ಹಚ್ಚಿಕೊಂಡರು. ತಮ್ಮ ನೆಲ ಹೋದ ಹೊಟ್ಟೆಯುರಿ ಅವರಿಗೆ. ಇನ್ನೊಬ್ಬರದೂ ಹೋಯಿತಲ್ಲ ಎಂದು ಅದು ಸ್ವಲ್ಪ ತಣ್ಣಗಾಗಿತ್ತು. ಮುಖದಲ್ಲೇ ಕಾಣುತ್ತಿತ್ತು.

ಸಂಜೆಗೆ ಬೀದಿಯಲ್ಲೆಲ್ಲ ಮಸಾಲೆಯ ವಾಸನೆ. ವಿಧವೆ ಇನ್ನೂ ಜಗಲಿಯ ಬುಡದಲ್ಲೇ ಕೂತಿದ್ದಳು. ಪಕ್ಕದ ಮನೆಯಾಕೆ ಮುದ್ದೆ, ಬಾಡಿನ ಸಾರು ತಂದು ಅವಳ ಮುಂದಿಟ್ಟಳು. ಕೆಟ್ಟ ಹೆಂಗಸಲ್ಲ, ಧರ್ಮವೆಂದೇ ತಂದಿದ್ದಳು.

“ಸೂರೇಲಿ ನಿಂಗೂ ಪಾಲೈತೆ ಕಣವ್ವಾ. ಬೆಳಗ್ಗಿಂದ ಉಂಡಿಲ್ಲ, ಒಸಿ ಉಣ್ಣು.”

ವಿಧವೆ ತಟ್ಟೆ ನೋಡಿದಳು. ಒದೆಯುತ್ತಾಳೆ ಎಂದುಕೊಂಡೆ, ಒದೆಯಲಿ ಎಂದು ಆಸೆಪಟ್ಟೆ. ಅವಳು ಕೇಳಿದ್ದು ಒಂದೇ ಮಾತು.

“ಮರಿ ಎಷ್ಟಿದ್ದೊ?”

“ಎರಡು ಕಣವ್ವಾ.”

ತಲೆಯಾಡಿಸಿ, ಮುದ್ದೆ ಮುರಿದಳು.